ಕಾರ್ಸಿಕಾದಲ್ಲಿ ಹಿಟ್ಟು ತೊಳಸಿದ ದಿನ

ಫ್ರಾನ್ಸಿನ ದ್ವೀಪ ಕಾರ್ಸಿಕಾದಲ್ಲಿ ಒಟ್ಟು ಎಂಟು ದಿನದ ಪ್ರವಾಸ. ಅದರಲ್ಲಿ ಆರು ದಿನ ಸೈಕಲ್ ತುಳಿದೆ, ಎರಡು ದಿನ ಒಂದೇ ಊರಲ್ಲಿ ಕೂತೆ. ಕಾರ್ಸಿಕಾ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕೂತ ಎರಡು ದಿನ.

ನಾನು ಮೂರು ವರ್ಷದಿಂದ ಟುಲೂಸ್‌ನಲ್ಲಿ ಕೆಲಸದಲ್ಲಿದ್ದೇನೆ. ಫ್ರೆಂಚ್ ಮಾತಾಡಲು ಬರುತ್ತದೆ. ಅಕ್ಟೋಬರ್ ಕೊನೆಯಲ್ಲಿ ರಜೆ ಸಿಕ್ಕಿತು. ಟುಲೋನ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಬಾಸ್ತಿಯಾ. ಕಾರ್ಸಿಕಾ ಅಂದರೆ ನಮ್ಮ ಎರಡು ಕೊಡಗು ಸೇರಿಸಿದಷ್ಟು ಜಾಗ. ಆದರೆ ನಡುವೆ 2,706 ಮೀಟರ್ ಎತ್ತರದ ಮೊಂತೆ ಚಿಂತೊ ನಿಂತಿದೆ. ನಕ್ಷೆಯಲ್ಲಿ 50 ಕಿಲೋಮೀಟರ್ ಅಂತ ಕಂಡರೆ ಅದು ಅರ್ಧ ದಿನದ ದಾರಿ ಅಂದುಕೊಳ್ಳಬೇಡಿ. ಇಡೀ ದಿನ ಬೇಕು.

ಮೊದಲ ಎರಡು ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾವಳಿ ಬಿಟ್ಟು ಪೊಂತೆ ಲೆಚ್ಚಿಯಾ ದಾಟಿ ಒಳನಾಡಿಗೆ ತಿರುಗಿದೆ. ಮೂರನೆಯ ದಿನ ಗೋಲೊ ನದಿಯ ಕಣಿವೆ ಸಿಕ್ಕಿತು. ಹೆಸರು ಸ್ಕಾಲಾ ದಿ ಸಾಂತಾ ರೆಜಿನಾ. ಎರಡೂ ಕಡೆ ಕೆಂಪು ಗ್ರಾನೈಟ್ ಗೋಡೆ, ಮಧ್ಯೆ ಒಂದು ಕಾರು ಹೋಗುವಷ್ಟು ರಸ್ತೆ, ಕೆಳಗೆಲ್ಲೋ ನೀರಿನ ಸದ್ದು. ಊರಿನ ಹೆಸರು ಬರೆದ ಹಲಗೆಗಳಲ್ಲಿ ಫ್ರೆಂಚ್ ಹೆಸರಿನ ಮೇಲೆ ಬಣ್ಣ ಬಳಿದು, ಕಾರ್ಸಿಕನ್ ಭಾಷೆಯ ಹೆಸರು ಮಾತ್ರ ಉಳಿಸಿದ್ದಾರೆ. ಭಾಷೆಯ ಮೇಲಿನ ಪ್ರೀತಿ ನಮಗೂ ಗೊತ್ತಿರುವ ವಿಷಯ ಅಲ್ವಾ? ನಾನು ಪ್ರತಿ ಹಲಗೆಯ ಹತ್ತಿರವೂ ನಿಂತು ಓದಿಕೊಂಡು ಹೋದೆ.

ಮರುದಿನ ಕಲಾಕುಚ್ಚಿಯಾದಿಂದ ವರ್ಜಿಯೊ ಕಣಿವೆದಾರಿ. 1,477 ಮೀಟರ್. ಇಡೀ ದ್ವೀಪದಲ್ಲಿ ಡಾಂಬರು ರಸ್ತೆ ಹೋಗುವ ಅತಿ ಎತ್ತರದ ಘಟ್ಟ ಇದೇ. ದಾರಿಯುದ್ದಕ್ಕೂ ಲಾರಿಚಿಯೊ ಪೈನ್ ಕಾಡು. ಈ ಮರ ಹೇಗೆ ಬೆಳೆಯುತ್ತದೆ ಅಂದರೆ, ಬುಡದಿಂದ ತುದಿಯವರೆಗೆ ದಾರ ಹಿಡಿದು ಗೆರೆ ಎಳೆದಂತೆ. ಇಟಲಿಯ ಜಿನೋವಾದವರು ಈ ದ್ವೀಪ ಆಳುತ್ತಿದ್ದಾಗ ಹಡಗಿಗೆ ಹಾಯಿ ಕಟ್ಟುವ ಕಂಬಕ್ಕೆ ಇದನ್ನೇ ಕಡಿದು ಸಾಗಿಸುತ್ತಿದ್ದರು. ಘಟ್ಟದ ತುದಿಯಲ್ಲಿ ಕ್ರಿಸ್ತನ ದೊಡ್ಡ ಕಲ್ಲಿನ ಮೂರ್ತಿ ಇದೆ. ಅದರ ಬುಡದಲ್ಲಿ ಕೂತು ಬ್ರೆಡ್ ತೆಗೆದೆ. ರಸ್ತೆ ಮೇಲೆ ತಿರುಗುವ ಹಂದಿಗಳು ಸೀದಾ ಹತ್ತಿರ ಬಂದವು. ಕಾಡುಹಂದಿಯಲ್ಲ, ಸಾಕಿದವೇ. ಮೇಯಲು ಬಿಟ್ಟಿರುತ್ತಾರೆ. ಎದ್ದು ನಿಂತೇ ತಿಂದೆ.

ತೊಂದರೆ ಶುರುವಾಗಿದ್ದು ಇಳಿಜಾರಿನಲ್ಲಿ. ಅಯ್ತೋನ್ ಕಾಡಿನಲ್ಲಿ ಮಳೆ ಹಿಡಿಯಿತು. ನಾಲ್ಕೈದು ತಿರುವು ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನಿಂದ ಕಬ್ಬಿಣ ಕಬ್ಬಿಣಕ್ಕೆ ತಿಕ್ಕುವ ಸದ್ದು. ಆಮೇಲೆ ಮುಂದಿನದೂ ಶುರುವಾಯಿತು. ಬ್ರೇಕ್ ಹಿಡಿ ಒತ್ತಿದರೆ ಹ್ಯಾಂಡಲ್‌ಗೆ ಬಂದು ತಾಗುತ್ತಿತ್ತು, ಸೈಕಲ್ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಕಾಲು ನೆಲಕ್ಕೆ ಒತ್ತಿ, ಬಂಡೆ ಕಡೆಯ ಮಣ್ಣಿಗೆ ಸೈಕಲ್ ನುಗ್ಗಿಸಿ ನಿಲ್ಲಿಸಿದೆ. ಕೈ ನಡುಗುವುದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಹೊರಡುವ ವಾರದ ಹಿಂದೆಯಷ್ಟೇ ನಮ್ಮ ಬೀದಿಯ ಅಂಗಡಿಯಲ್ಲಿ ಸೈಕಲ್ ಸರ್ವಿಸ್ ಮಾಡಿಸಿದ್ದೆ. ಬೆಟ್ಟಕ್ಕೆ ಹೋಗುತ್ತಿದ್ದೇನೆ, ಬ್ರೇಕ್ ಪ್ಯಾಡ್ ನೋಡಿ ಅಂತ ಬಿಡಿಸಿ ಹೇಳಿದ್ದೆ. "ಇನ್ನೂ ಸಾವಿರ ಕಿಲೋಮೀಟರ್ ಬರುತ್ತೆ" ಅಂದಿದ್ದರು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ದಯವಿಟ್ಟು ಒಂದು ಮಾತು ಕೇಳಿ. ಘಟ್ಟಕ್ಕೆ ಹೋಗುವ ಮುಂಚೆ ಪ್ಯಾಡನ್ನು ಬಿಚ್ಚಿ ನಿಮ್ಮ ಕಣ್ಣಿಂದಲೇ ನೋಡಿ. ಒಂದು ಜೊತೆ ಹೊಸದು ಚೀಲದಲ್ಲಿರಲಿ. ಒಂದು ಹಿಡಿ ಕಡಲೆಬೀಜದಷ್ಟೂ ತೂಕವಿಲ್ಲ. ಒಳನಾಡಿನಲ್ಲಿ ಸೈಕಲ್ ಅಂಗಡಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಇಳಿದೆ. ಕತ್ತಲಾಗುವಾಗ ಎವಿಸಾ ಬಂತು. ಸುಮಾರು 830 ಮೀಟರ್ ಎತ್ತರದ ಕಲ್ಲುಮನೆಗಳ ಊರು. ಸುತ್ತ ಎಲ್ಲಿ ನೋಡಿದರೂ ಚೆಸ್ಟ್‌ನಟ್ ಮರ. ಮುಳ್ಳುಸಿಪ್ಪೆಯ ಕಾಯಿಗಳು ರಸ್ತೆ ತುಂಬಾ ಒಡೆದು ಬಿದ್ದಿದ್ದವು. ಒಂದು ಮನೆಯಲ್ಲಿ ಕೋಣೆ ಸಿಕ್ಕಿತು. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಅವರ ಮೊಮ್ಮಗ ಅಜಾಕ್ಸಿಯೊದಲ್ಲಿ ಓದುತ್ತಾನೆ, ಶುಕ್ರವಾರ ಸಂಜೆ ಊರಿಗೆ ಬರುವಾಗ ಪ್ಯಾಡ್ ತರುತ್ತಾನೆ ಅಂದರು. ಅವತ್ತು ಬುಧವಾರ.

ಗುರುವಾರ ಬೆಳಿಗ್ಗೆ ಅಜ್ಜಿ ಬುಟ್ಟಿ ಹಿಡಿದು ಹೊರಟಾಗ ನಾನೂ ಜೊತೆಗೆ ಹೋದೆ. ಬಿದ್ದ ಕಾಯಿ ಆರಿಸುವುದು ಕೆಲಸ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಅವರು ಮಾತಾಡುತ್ತಲೇ ನನ್ನ ಮೂರರಷ್ಟು ತುಂಬಿಸಿದರು. 1584ರಲ್ಲಿ ಜಿನೋವಾದ ಆಡಳಿತ ಒಂದು ಆಜ್ಞೆ ಮಾಡಿತ್ತು: ಜಮೀನಿದ್ದವರೆಲ್ಲ ವರ್ಷಕ್ಕೆ ನಾಲ್ಕು ಮರ ನೆಡಬೇಕು, ಅದರಲ್ಲಿ ಒಂದು ಚೆಸ್ಟ್‌ನಟ್ ಆಗಿರಬೇಕು. ಗೋಧಿ ಬೆಳೆಯದ ಈ ಇಳಿಜಾರಿನಲ್ಲಿ ಜನ ಹೊಟ್ಟೆ ತುಂಬಿಸಿಕೊಂಡಿದ್ದು ಇದರ ಹಿಟ್ಟಿನಿಂದ. "ಇದು ನಮ್ಮ ಬ್ರೆಡ್ಡಿನ ಮರ" ಅಂದರು ಅಜ್ಜಿ. ಈಗ ಮರಗಳಿಗೂ ಕಷ್ಟಕಾಲ. ಏಷ್ಯಾದಿಂದ ಬಂದ ಒಂದು ಸಣ್ಣ ಕಣಜ ಮೊಗ್ಗಿನಲ್ಲಿ ಮೊಟ್ಟೆಯಿಟ್ಟು ಗಂಟು ಕಟ್ಟಿಸುತ್ತದೆ. ಹಾಗೆ ಗಂಟಾದ ಒಂದು ರೆಂಬೆಯನ್ನು ಅವರು ಬಗ್ಗಿಸಿ ತೋರಿಸಿದರು. ಎಲೆ ಮುದುರಿ ಒಣಗಿತ್ತು. ರೆಂಬೆಯನ್ನು ಮೆಲ್ಲಗೆ ಬಿಟ್ಟು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮನೆಯ ಹಿಂದೆ ಕಾಯಿ ಒಣಗಿಸುವ ಕೋಣೆ. ಕೆಳಗೆ ಒಲೆ, ಮೇಲೆ ಸಂದು ಬಿಟ್ಟು ಹಲಗೆ ಜೋಡಿಸಿದ ಅಟ್ಟ. ಅಟ್ಟದ ಮೇಲೆ ಕಾಯಿ ಹರಡಿ, ವಾರಗಟ್ಟಲೆ ಸಣ್ಣ ಬೆಂಕಿಯ ಹೊಗೆ ಕೊಡುತ್ತಾರೆ. ನಮ್ಮ ಮಲೆನಾಡಿನ ಮನೆಗಳ ಹೊಗೆ ಅಟ್ಟದ ಕರೀ ತೊಲೆ, ಅದೇ ವಾಸನೆ. ಆಮೇಲೆ ಸಿಪ್ಪೆ ಬಿಡಿಸಿ ಬೀಸಿದರೆ ಹಿಟ್ಟು. ಈ ವರ್ಷದ ಹಿಟ್ಟು ಬರಲು ಡಿಸೆಂಬರ್ ಆಗಬೇಕು, ಈಗ ಇರುವುದು ಹೋದ ವರ್ಷದ್ದು ಅಂತ ಫ್ರೀಜರಿನಿಂದ ಒಂದು ಡಬ್ಬಿ ತೆಗೆದರು. ಹೊರಗಿಟ್ಟರೆ ಹುಳ ಬೀಳುತ್ತದಂತೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಆ ಹಿಟ್ಟಿನಿಂದ ಪುಲೆಂಡಾ ಮಾಡಲು ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಿತು, ಉಪ್ಪು ಬಿತ್ತು. ಜರಡಿ ಹಿಡಿದ ಹಿಟ್ಟನ್ನು ಒಟ್ಟಿಗೇ ಸುರಿದರು. ಅದು ನೀರಿನ ನಡುವೆ ಗುಡ್ಡೆಯಾಗಿ ನಿಂತಿತು. ಗುಡ್ಡೆಯ ಸುತ್ತ ನೀರು ಕೊತ ಕೊತ. ನನಗೆ ಮೈ ಜುಂ ಅಂದಿತು. ನಾನು ಮಂಡ್ಯ ಕಡೆಯವನು. ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ! ಆಮೇಲೆ ಅಜ್ಜಿ ಪಾತ್ರೆಯನ್ನು ನೆಲಕ್ಕಿಳಿಸಿ, ಗಿಡ್ಡ ಮಣೆಯ ಮೇಲೆ ಕೂತು, ಎರಡು ಪಾದದಿಂದ ಒತ್ತಿ ಹಿಡಿದು, ಮರದ ಕೋಲಿನಿಂದ ತೊಳಸಲು ಶುರು ಮಾಡಿದರು.

"ನಮ್ಮೂರಲ್ಲೂ ಹೀಗೇ ಮಾಡ್ತಾರೆ" ಅಂದೆ. ಅವರು ತಲೆ ಎತ್ತಲಿಲ್ಲ.

"ಚೆಸ್ಟ್‌ನಟ್ ಇದೆಯಾ ನಿಮ್ಮಲ್ಲಿ?"

"ಇಲ್ಲ. ರಾಗಿ ಅಂತ ಸಣ್ಣ ಕಾಳು. ಹಿಟ್ಟು, ನೀರು, ಕೋಲು, ಎಲ್ಲಾ ಇದೇ."

"ಯಾರು ತೊಳಸೋದು?"

"ಅಮ್ಮ."

"ನೀನು?"

ನಾನು ಒಂದು ದಿನವೂ ತೊಳಸಿರಲಿಲ್ಲ. ಮೂವತ್ತನಾಲ್ಕು ವರ್ಷ ಬಿಸಿ ಮುದ್ದೆ ತಟ್ಟೆಗೆ ಬಂದಿದೆ, ಉಂಡಿದ್ದೇನೆ. ಹಾಗಂತಲೇ ಹೇಳಿದೆ. ಅವರು ಎದ್ದು, ಕೋಲನ್ನು ನನ್ನ ಕೈಗೆ ಕೊಟ್ಟು, ಮಣೆ ತೋರಿಸಿದರು.

ಹಿಂದಿನ ದಿನ ವರ್ಜಿಯೊ ಹತ್ತಿದ್ದ ಮೈ ಅದು. ಎರಡು ನಿಮಿಷಕ್ಕೆ ಭುಜ ಉರಿಯಲು ಶುರುವಾಯಿತು. ಹಿಟ್ಟು ಗಟ್ಟಿಯಾದಂತೆ ಕೋಲು ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಟ್ಟರೆ ಗಂಟಾಗುತ್ತದೆ, ಜೋರಾಗಿ ಎಳೆದರೆ ಪಾತ್ರೆಯೇ ಬರುತ್ತದೆ. "ಮಣಿಕಟ್ಟಿನಿಂದ ಅಲ್ಲ, ಬೆನ್ನಿನಿಂದ" ಅಂದರು. ಬೆನ್ನು ಕೊಟ್ಟೆ. ಅಮ್ಮ ಇದನ್ನು ದಿನಕ್ಕೆ ಎರಡು ಹೊತ್ತು, ಏಳು ಜನಕ್ಕೆ, ಸೌದೆ ಒಲೆಯ ಹೊಗೆಯಲ್ಲಿ ಮಾಡುತ್ತಿದ್ದಳು. ರಾತ್ರಿ ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಹಿಟ್ಟು ಕೋಲನ್ನು ಬಿಟ್ಟುಕೊಂಡು ಉಂಡೆಯಾದಾಗ, ಅಜ್ಜಿ ಬಿಳಿ ಬಟ್ಟೆಯ ಮೇಲೆ ಹಿಟ್ಟು ಉದುರಿಸಿ ಅದರ ಮೇಲೆ ಮಗುಚಿದರು. ಕಂದು ಬಣ್ಣದ ದೊಡ್ಡ ಮುದ್ದೆ, ಮೇಲೆ ಹಬೆ. ಆಮೇಲೆ ದಾರ ಎಳೆದು ಹೋಳು ಮಾಡಿದರು. ಜೊತೆಗೆ ಎರಡು ಮೊಟ್ಟೆ, ಆಡಿನ ಮಾಂಸದ ಸಾರು. ಬ್ರೊಚ್ಚು ಎಂಬ ಮೆತ್ತನೆ ಚೀಸಿನ ಕಾಲ ಇನ್ನೂ ಬಂದಿಲ್ಲ ಅಂತ ಬೇಜಾರು ಮಾಡಿಕೊಂಡರು. ಪುಲೆಂಡಾ ಸಿಹಿ, ಹೊಗೆಯ ರುಚಿ. ಮುದ್ದೆಯಂತೆ ನುಂಗಲು ಹೋದೆ. ಅಗಿದು ತಿನ್ನು ಅಂತ ಕೈ ಹಿಡಿದು ನಿಲ್ಲಿಸಿದರು. ಮೇಜಿನ ಮೇಲಿದ್ದ ಹಳೇ ಚೀಸ್ ಮಾತ್ರ ನನಗೆ ಹಿಡಿಸಲಿಲ್ಲ, ವಾಸನೆಗೇ ಕಣ್ಣಲ್ಲಿ ನೀರು ಬಂತು.

ಚಿಕ್ಕಂದಿನಲ್ಲಿ ಅವರಿಗೆ ಎರಡು ಹೊತ್ತೂ ಇದೇ ಊಟವಂತೆ. ಗೋಧಿ ಬ್ರೆಡ್ ಹಬ್ಬಕ್ಕೆ ಮಾತ್ರ. ಶಾಲೆಯಲ್ಲಿ ಪುಲೆಂಡಾ ತಿಂದು ಬಂದೆ ಅಂತ ಹೇಳಲು ನಾಚಿಕೆಯಾಗುತ್ತಿತ್ತಂತೆ. ನಮ್ಮಜ್ಜಿ ಕಾಲದಲ್ಲಿ ಹಬ್ಬಕ್ಕೆ ಮಾತ್ರ ಅನ್ನ, ಮುದ್ದೆ ಅಂದರೆ ಬಡವರ ಊಟ ಅಂತ ನಾನು ಹೇಳಿದೆ. ಈಗ ಈ ಹಿಟ್ಟಿಗೆ 2006ರಿಂದ ಫ್ರಾನ್ಸ್ ಸರ್ಕಾರದ ಮೂಲಸ್ಥಳದ ಮುದ್ರೆ ಇದೆ, ಕೆಜಿಗೆ ಒಳ್ಳೇ ಬೆಲೆ. ನಮ್ಮ ರಾಗಿಯೂ ಹಾಗೇ ಆಗಿದೆ ಅಂದೆ. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಅನ್ನುವುದನ್ನು ಫ್ರೆಂಚಿಗೆ ತಿರುಗಿಸಿ ಹೇಳಿದಾಗ ಅಜ್ಜಿ ಕಿಟಕಿಯಾಚೆಯ ಬೆಟ್ಟ ನೋಡಿ, ನನ್ನ ತಟ್ಟೆಗೆ ಇನ್ನೊಂದು ಹೋಳು ಹಾಕಿದರು. ಶುಕ್ರವಾರವೂ ನಾನೇ ತೊಳಸಿದೆ. ಗಂಟು ಕಡಿಮೆಯಾಗಿತ್ತು.

ಸಂಜೆ ಪ್ಯಾಡ್ ಬಂತು, ಶನಿವಾರ ಹೊರಟೆ. ಪೋರ್ತೊವರೆಗೆ ಒಂದೇ ಇಳಿಜಾರು, ಬ್ರೇಕ್ ಗಟ್ಟಿಯಾಗಿ ಹಿಡಿಯಿತು. ಪಿಯಾನಾದ ಕೆಂಪು ಬಂಡೆಗಳು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಕರಾವಳಿಯಲ್ಲಿ ಬಸ್ಸು, ಕ್ಯಾಮೆರಾ, ಎಲ್ಲಾ ಅಂಗಡಿಯಲ್ಲೂ ಒಂದೇ ಥರದ ಚಾಕು, ಟೀ ಶರ್ಟು. ಮನಸ್ಸು ನಿಲ್ಲಲಿಲ್ಲ. ಸೀದಾ ಅಜಾಕ್ಸಿಯೊ, ಅಲ್ಲಿಂದ ಹಡಗು.

ಅಜ್ಜಿ ಕೊಟ್ಟ ಒಂದು ಕೆಜಿ ಹಿಟ್ಟು ನನ್ನ ಫ್ರೀಜರಿನಲ್ಲಿದೆ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ. ಆಯಮ್ಮನ ಕೋಲು ಯಾವ ಮರದ್ದು, ಆಯಮ್ಮನಿಗೆ ಭುಜ ನೋಯಲ್ವಾ. ಎರಡನ್ನೂ ನಾನು ಕೇಳಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋಗುವಾಗ ಹಿಟ್ಟನ್ನು ತಗೊಂಡು ಹೋಗುತ್ತೇನೆ. ದೊಡ್ಡ ಪಾತ್ರೆ ತೊಳೆದಿಟ್ಟಿರು, ತೊಳಸುವುದು ನಾನೇ ಅಂತ ಹೇಳಿದ್ದೇನೆ.