ಜರ್ಮನಿಗೆ ಹೊರಟಿದ್ದೀರಾ? ಮೊದಲು ಹೆಸರು, ಆಮೇಲೆ ವಿಳಾಸ

ನನ್ನ ತಮ್ಮನ ಗೆಳೆಯನಿಗೆ ಸ್ಟುಟ್‌ಗಾರ್ಟ್ ಹತ್ತಿರದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. "ಅಕ್ಕಾ, ವೀಸಾ ಆಗಿಬಿಟ್ರೆ ಎಲ್ಲಾ ಮುಗೀತು ಅಲ್ವಾ?" ಅಂತ ಕೇಳಿದ. ಇಲ್ಲ ಮಾರಾಯ, ಅಲ್ಲಿಂದ ಶುರು. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನಾನು ಶಿವಮೊಗ್ಗದವಳು. ಗಂಡ, ಮಗಳ ಜೊತೆ ಈ ಕಡೆ ಬಂದು ಕೆಲವು ವರ್ಷಗಳಾದವು.

ವೀಸಾ ವಿಷಯ ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ಕಂಪನಿಯವರೇ ಅರ್ಧ ದಾರಿ ತೋರಿಸುತ್ತಾರೆ. ಇಂಜಿನಿಯರುಗಳು ಹೆಚ್ಚಾಗಿ ಬರುವುದು ಬ್ಲೂ ಕಾರ್ಡ್ ಮೇಲೆ, ಅಂದರೆ ಡಿಗ್ರಿ ಇದ್ದು ಇಲ್ಲಿ ಕೆಲಸ ಸಿಕ್ಕಿದ ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ ಮೇಲೆ. 2025ರಲ್ಲಿ ಅದಕ್ಕೆ ಬೇಕಿದ್ದ ಸಂಬಳ ವರ್ಷಕ್ಕೆ 48,300 ಯೂರೋ. ಐಟಿಯಂಥ ಕೆಲವು ಕೆಲಸಗಳಿಗೆ ಇದಕ್ಕಿಂತ ಕಡಿಮೆ ಸಾಕು. ಈ ಮೊತ್ತ ಪ್ರತಿ ಜನವರಿಯಲ್ಲೂ ಬದಲಾಗುತ್ತದೆ. ನಿಮ್ಮ ಡಿಗ್ರಿಗೆ ಮಾನ್ಯತೆ ಇದೆಯಾ ಅಂತ ಅನಾಬಿನ್ ಅನ್ನುವ ಜಾಲತಾಣದಲ್ಲಿ ನೋಡಿಕೊಳ್ಳಿ. ಅಲ್ಲಿ ವಿಶ್ವವಿದ್ಯಾಲಯದ ಹೆಸರು, ಡಿಗ್ರಿಯ ಹೆಸರು ಎರಡನ್ನೂ ಹುಡುಕಬೇಕು. ಬ್ಲೂ ಕಾರ್ಡ್‌ನವರ ಹೆಂಡತಿಗೋ ಗಂಡನಿಗೋ ಬರುವ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಬೇಕು ಅನ್ನುವ ನಿಯಮ ಇಲ್ಲ. ಬಂದಮೇಲೆ ಕೆಲಸಕ್ಕೂ ಸೇರಬಹುದು. ಆದರೂ ಸ್ವಲ್ಪ ಕಲಿತು ಬನ್ನಿ. ಇಲ್ಲಿಗೆ ಬರುವ ಒಂದು ಕಾಗದವೂ ಇಂಗ್ಲಿಷಿನಲ್ಲಿ ಇರುವುದಿಲ್ಲ.

ಈಗ ಹೆಸರು. ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಇದೇ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನಮ್ಮ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ. ಒಂದು ಊರಿನದು, ಒಂದು ಅಪ್ಪನದು. ಡಿಗ್ರಿ ಸರ್ಟಿಫಿಕೇಟಿನಲ್ಲೂ ಹಾಗೇ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಎಷ್ಟೋ ಜನ ಎಲ್ಲವನ್ನೂ ಗಿವನ್ ನೇಮ್ ಜಾಗದಲ್ಲಿ ತುಂಬಿ ಸರ್‌ನೇಮ್ ಖಾಲಿ ಬಿಟ್ಟಿರುತ್ತಾರೆ. ಊರಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಇಲ್ಲಿ ಮನೆತನದ ಹೆಸರಿಲ್ಲದ ಮನುಷ್ಯ ಕಂಪ್ಯೂಟರಿನೊಳಗೆ ಹೋಗುವುದೇ ಇಲ್ಲ. ಒಬ್ಬ ಗುಮಾಸ್ತರು ನಿಮ್ಮ ಪೂರ್ತಿ ಹೆಸರನ್ನು ಸರ್‌ನೇಮ್ ಮಾಡುತ್ತಾರೆ, ಇನ್ನೊಬ್ಬರು ಕೊನೆಯ ಪದವನ್ನು ಮಾತ್ರ ಎತ್ತಿಕೊಳ್ಳುತ್ತಾರೆ, ಮತ್ತೊಬ್ಬರು ಗಿವನ್ ನೇಮ್ ಜಾಗದಲ್ಲಿ ಎರಡು ಅಡ್ಡಗೆರೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಒಂದು, ವಿಮೆಯಲ್ಲಿ ಒಂದು, ತೆರಿಗೆಯಲ್ಲಿ ಇನ್ನೊಂದು ಅಂತಾದರೆ ನೀವು ಮೂರು ಜನ.

ಹಾಗಾಗಿ ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿ. ಇದು ರೀ-ಇಶ್ಯೂ ಅರ್ಜಿ, ಪಾಸ್‌ಪೋರ್ಟ್ ನಂಬರ್ ಬದಲಾಗುತ್ತದೆ. ವೀಸಾ ಆದಮೇಲೆ ಮಾಡಿಸಿದರೆ ಎರಡು ಪಾಸ್‌ಪೋರ್ಟ್ ಹಿಡಿದು ಓಡಾಡಬೇಕಾಗುತ್ತದೆ. ನಾನು ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಸಿದೆ. ಊರಿನ ಹೆಸರನ್ನೂ ಮಾಡಿಸಬಹುದು. ಆದರೆ ಅದು ಉದ್ದವಿದ್ದರೆ ಯೋಚನೆ ಮಾಡಿ, ಜೀವನಪೂರ್ತಿ ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಮೂವರಿಗೂ ಬೇರೆ ಬೇರೆ ಸರ್‌ನೇಮ್. ನನ್ನದು ನನ್ನ ಅಪ್ಪನ ಹೆಸರು, ಗಂಡನದು ಅವರ ಅಪ್ಪನದು, ಮಗಳದ್ದು ನನ್ನ ಗಂಡನ ಹೆಸರು. ಕನ್ನಡದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಇಲ್ಲಿ ಮಗಳೊಬ್ಬಳನ್ನೇ ಕರೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದರೆ ಪಾಸ್‌ಪೋರ್ಟ್ ನೋಡುವವರು "ಇವಳು ನಿಮಗೆ ಏನಾಗಬೇಕು?" ಅಂತ ಕೇಳುತ್ತಾರೆ. ಜನನ ಪ್ರಮಾಣಪತ್ರದ ಪ್ರತಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಊರಲ್ಲೇ ಸೇರಿಸಿಕೊಂಡು ಬನ್ನಿ. ಮದುವೆಯದ್ದೂ ಅಷ್ಟೇ. ಛತ್ರದ ರಸೀದಿ, ಲಗ್ನಪತ್ರಿಕೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟೇ ಬೇಕು. ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಆಮೇಲೆ ವಿಳಾಸ. ಇಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನಗರಸಭೆಯ ಕಚೇರಿಗೆ ಹೋಗಿ "ನಾನು ಇಲ್ಲಿ ವಾಸ ಇದ್ದೇನೆ" ಅಂತ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ ಅಂದುಕೊಂಡರೆ ತಪ್ಪಿಲ್ಲ. ಇದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಹಾಳೆ ಬೇಕು. ಬಾಡಿಗೆ ಕರಾರು ಪತ್ರ ಅದರ ಬದಲಿಗೆ ನಡೆಯುವುದಿಲ್ಲ. ಮೊದಲ ತಿಂಗಳಿಗೆ ಅಂತ ತಾತ್ಕಾಲಿಕ ಫ್ಲ್ಯಾಟ್ ಹಿಡಿಯುವಾಗ ಎಲ್ಲರೂ ಬಾಡಿಗೆ, ವೈಫೈ ಕೇಳುತ್ತಾರೆ. ನೀವು ಮೊದಲು ಕೇಳಬೇಕಾದದ್ದು "ಆನ್‌ಮೆಲ್ಡುಂಗ್‌ಗೆ ಸಹಿ ಹಾಕಿಕೊಡುತ್ತೀರಾ?" ಅಂತ. ಇಲ್ಲ ಅಂದರೆ ಆ ಮನೆ ಬೇಡ, ಎಷ್ಟೇ ಚೆನ್ನಾಗಿರಲಿ.

ಆ ಫಾರಂನಲ್ಲಿ ಧರ್ಮದ ಕಾಲಂ ಒಂದಿದೆ. ಸುಮ್ನೆ ತುಂಬುವ ಜಾಗ ಅಲ್ಲ ಅದು. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ. ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲೂ ಬವೇರಿಯಾದಲ್ಲೂ ಅದು ಆದಾಯ ತೆರಿಗೆಯ 8%, ಉಳಿದ ರಾಜ್ಯಗಳಲ್ಲಿ 9%. ಮಂಗಳೂರಿನ ನನ್ನ ಗೆಳತಿಗೆ ಇದು ಗೊತ್ತಾದದ್ದು ಮೊದಲ ಸಂಬಳದ ಚೀಟಿ ನೋಡಿದಾಗ. "ಕೊಡೋದಕ್ಕೆ ಬೇಜಾರಿಲ್ಲ, ಮೊದಲೇ ಒಂದು ಮಾತು ಹೇಳಬಹುದಿತ್ತು" ಅಂದಳು. ಹೌದಲ್ವಾ?

ನೋಂದಣಿ ಆದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆಯಲ್ಲೇ, ಮೇಲ್‌ನಲ್ಲಲ್ಲ. ಅದು ಸಕಾಲಕ್ಕೆ ಕಂಪನಿಗೆ ಸಿಗದಿದ್ದರೆ ಆರನೇ ತೆರಿಗೆ ವರ್ಗದಲ್ಲಿ, ಅಂದರೆ ಎಲ್ಲಕ್ಕಿಂತ ಜಾಸ್ತಿ ದರದಲ್ಲಿ ಕಡಿತ ಮಾಡಬಹುದು. ಹಣ ಆಮೇಲೆ ವಾಪಸ್ ಬರುತ್ತದೆ, ಆದರೆ ಖರ್ಚು ಜಾಸ್ತಿ ಇರುವ ಮೊದಲ ತಿಂಗಳಲ್ಲೇ ಕೈ ಖಾಲಿ.

ಹೆಸರೂ ವಿಳಾಸವೂ ಕೂಡುವ ಜಾಗ ಟಪಾಲು ಪೆಟ್ಟಿಗೆ. ಇಲ್ಲಿನ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಇರುವುದು ಅಪರೂಪ. ಬೀದಿ, ಕಟ್ಟಡದ ಸಂಖ್ಯೆ, ನಿಮ್ಮ ಹೆಸರು, ಅಷ್ಟೇ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್. ಬ್ಯಾಂಕಿನ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ಲಕೋಟೆಯಲ್ಲಿ, ಆರೋಗ್ಯ ವಿಮೆಯ ಕಾರ್ಡ್ ಮತ್ತೊಂದರಲ್ಲಿ ಬರುತ್ತವೆ. ಬೀಗದ ಕೈ ಸಿಕ್ಕಿದ ದಿನವೇ ಒಂದು ಚೀಟಿ ಬರೆದು ಅಂಟಿಸಿ. ನಾವು ಮೂರೂ ಸರ್‌ನೇಮ್ ಅಂಟಿಸಿದ್ದೆವು. ಕೆಳಗಿನ ಮನೆಯ ಅಜ್ಜಿ ಈ ಪುಟ್ಟ ಫ್ಲ್ಯಾಟಿನಲ್ಲಿ ಎಷ್ಟು ಸಂಸಾರ ಇದೆ ಅಂತ ವಿಚಾರಿಸಿಕೊಂಡು ಹೋದರು.

ಎಲ್ಲಕ್ಕಿಂತ ಮೊದಲು ತಪ್ಪದೆ ಬರುವ ಪತ್ರ ಯಾವುದು ಗೊತ್ತಾ? ರೇಡಿಯೊ-ಟಿವಿ ಶುಲ್ಕದ್ದು. ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಕಟ್ಟಬೇಕು. ವಾದ ಮಾಡಿ ಪ್ರಯೋಜನ ಇಲ್ಲ.

ಬಾಡಿಗೆಯಲ್ಲಿ ಎರಡು ಲೆಕ್ಕ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಕಾಲ್ಟ್‌ಮೀಟ ಬರೀ ಗೋಡೆಗಳದ್ದು. ಬಿಸಿ ಮಾಡುವ ವ್ಯವಸ್ಥೆ, ನೀರು, ಕಸ ಎಲ್ಲ ಸೇರಿದರೆ ವಾರ್ಮ್‌ಮೀಟ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರಲ್ಲೂ ಸೇರಿರುವುದಿಲ್ಲ. ಅಡ್ವಾನ್ಸ್ ಮಾತ್ರ ಬೆಂಗಳೂರಿನವರಿಗೆ ಸಮಾಧಾನ ಕೊಡುತ್ತದೆ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಆ ಖುಷಿಯಲ್ಲಿ ಒಳಗೆ ಹೋಗಿ ನೋಡಿದರೆ ಅಡುಗೆಮನೆ ಇರುವುದಿಲ್ಲ. ಕೋಣೆ ಇರುತ್ತದೆ, ಸಿಂಕು, ಒಲೆ, ಕಪಾಟು ಇರುವುದಿಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ! ಅವರ ಹತ್ತಿರವೇ ಮಾತಾಡಿ ಕೊಂಡುಕೊಳ್ಳುವುದು ಸುಲಭದ ದಾರಿ. ನಮ್ಮ ಸ್ವಾಬಿಯನ್ ಕಡೆ, ಅಂದರೆ ಸ್ಟುಟ್‌ಗಾರ್ಟ್ ಸುತ್ತಮುತ್ತ, ಇನ್ನೊಂದು ಪದ್ಧತಿ ಇದೆ, ಕೇರ್‌ವೊಖ. ನಿಮ್ಮ ಬಾಗಿಲಿಗೆ ಒಂದು ಫಲಕ ನೇತಾಡಿದ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ನೋಡುತ್ತಿರುತ್ತಾರೆ.

ಆರೋಗ್ಯ ವಿಮೆ ಕಡ್ಡಾಯ. ಸಂಬಳ ಜಾಸ್ತಿ ಇದ್ದವರಿಗೆ ಖಾಸಗಿ ವಿಮೆಯವರು ಕಡಿಮೆ ಕಂತಿನ ಆಸೆ ತೋರಿಸುತ್ತಾರೆ. ಸಂಸಾರ ಇದ್ದವರು ಸರ್ಕಾರಿ ವ್ಯವಸ್ಥೆಯ ವಿಮೆಯನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಆದಾಯವಿಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಸೇರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಕಂತು. ಒಮ್ಮೆ ಆ ಕಡೆ ಹೋದರೆ ವಾಪಸ್ ಬರುವುದೂ ಕಷ್ಟ, 55 ದಾಟಿದ ಮೇಲಂತೂ ಬಹುತೇಕ ಆಗುವುದೇ ಇಲ್ಲ.

ಮಗು ಇದ್ದರೆ ತಾಯಿ ಕಾರ್ಡ್ ಮರೆಯಬೇಡಿ. ಹೌದು, ಆಶಾ ಕಾರ್ಯಕರ್ತೆ ಕೊಟ್ಟ ಅದೇ ಕಾರ್ಡ್. 2020ರ ಮಾರ್ಚ್‌ನಿಂದ ಇಲ್ಲಿ ಶಿಶುವಿಹಾರಕ್ಕೂ ಶಾಲೆಗೂ ಸೇರಿಸಲು ದಡಾರ ಲಸಿಕೆಯ ದಾಖಲೆ ಬೇಕೇ ಬೇಕು. ತವರುಮನೆಯ ಗಾಡ್ರೆಜ್ ಬೀರುವಿನಲ್ಲಿ ಮಡಚಿಟ್ಟಿದ್ದ ನಮ್ಮ ಕಾರ್ಡನ್ನು ಇಲ್ಲಿನ ಮಕ್ಕಳ ಡಾಕ್ಟರು ತಾರೀಖು ನೋಡಿ ನೋಡಿ ಹಳದಿ ಪುಸ್ತಕಕ್ಕೆ ಇಳಿಸಿಕೊಂಡರು.

ಊರಿನ ಕಡೆ ಮುಗಿಸಿ ಬರಬೇಕಾದ್ದೂ ಇದೆ. ಅನಿವಾಸಿಯಾದ ಮೇಲೆ ಮಾಮೂಲಿ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಫೆಮಾ, ಅಂದರೆ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಹೊರಡುವ ಮುಂಚೆ ನಿಮ್ಮ ಬ್ರಾಂಚ್‌ಗೆ ಹೋಗಿ ಯಾವ್ಯಾವ ಕಾಗದ ಬೇಕು ಅಂತ ಕೇಳಿಕೊಂಡು ಬನ್ನಿ. ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಮುಂದುವರಿಸಲು ಆಗುವುದಿಲ್ಲ. ಮುಖ್ಯವಾದದ್ದು ಸಿಮ್. ಬ್ಯಾಂಕು, ಆಧಾರ್, ಆದಾಯ ತೆರಿಗೆ ಎಲ್ಲದರ ಒಟಿಪಿ ಆ ನಂಬರಿಗೇ ಬರುತ್ತದೆ. ರೀಚಾರ್ಜ್ ನಿಲ್ಲಿಸಿದರೆ ನಂಬರ್ ಹೋಗುತ್ತದೆ, ಅದರ ಹಿಂದೆ ಖಾತೆಯ ಬಾಗಿಲೂ ಮುಚ್ಚುತ್ತದೆ. ನಮ್ಮಪ್ಪ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಪಕ್ಕದಲ್ಲೇ ನಮ್ಮ ರೀಚಾರ್ಜ್ ದಿನವನ್ನೂ ಗುರುತು ಮಾಡಿಕೊಂಡಿದ್ದಾರೆ.

ಸಾಮಾನಿನ ಬಗ್ಗೆ ಎರಡೇ ಮಾತು. ಇಲ್ಲೂ 230 ವೋಲ್ಟೇ, ಮಿಕ್ಸಿ ಧೈರ್ಯವಾಗಿ ತನ್ನಿ, ಪ್ಲಗ್ ಅಡಾಪ್ಟರ್ ಸಾಕು. ಹಾಲಿನ ಪದಾರ್ಥ ಯುರೋಪಿನ ಹೊರಗಿಂದ ತರುವಂತಿಲ್ಲ. ತುಪ್ಪದ ಡಬ್ಬ, ಧಾರವಾಡ ಪೇಡ ಎರಡೂ ಕಸ್ಟಮ್ಸ್‌ನಲ್ಲಿ ಹೋಗುತ್ತವೆ. ಸಾರಿನ ಪುಡಿಗೆ ತೊಂದರೆ ಇಲ್ಲ.

ಕಾರು ಓಡಿಸುವವರಿಗೆ: ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ರಸ್ತೆ ಪರೀಕ್ಷೆ ಎರಡನ್ನೂ ಬರೆದು, ಓಡಿಸಿ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು.

ಕೊನೆಗೆ ಕಿಂಡರ್‌ಗೆಲ್ಡ್. ಮಕ್ಕಳಿದ್ದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣ, 2025ರಲ್ಲಿ ಮಗುವಿಗೆ 255 ಯೂರೋ. ಬ್ಲೂ ಕಾರ್ಡ್‌ನವರಿಗೂ ಸಿಗುತ್ತದೆ, ಆದರೆ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಹಿಂದಿನ ಬಾಕಿ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ. ಅರ್ಜಿಯಲ್ಲಿ ನಿಮ್ಮ ತೆರಿಗೆ ಸಂಖ್ಯೆಯ ಜೊತೆ ಮಗುವಿನದ್ದನ್ನೂ ಬರೆಯಬೇಕು. ಮಗುವಿನ ಹೆಸರಿಗೂ ಬೇರೆ ಲಕೋಟೆ ಬರುತ್ತದೆ, ಎಸೆದುಬಿಡಬೇಡಿ.