ಬಡಿದ ಕಡ್ಡಿ ಹಿಂದೆ ಬರಬೇಕು

ಭಾನುವಾರ, 9 ಫೆಬ್ರವರಿ 2025

ಮೂರು ವಾರದಿಂದ ಕಾಯುತ್ತಿದ್ದ ನಾದ ಇವತ್ತು ಸಂಜೆ ಬಂತು.

ಜಲತರಂಗವನ್ನು ಯಂತ್ರದ ಕೈಯಲ್ಲಿ ನುಡಿಸುವ ಪ್ರಯತ್ನ. ನೀರು ಹಾಕಿದ ಆರು ಪಿಂಗಾಣಿ ಬಟ್ಟಲುಗಳನ್ನು ಕಮಾನಿನ ಹಾಗೆ ಜೋಡಿಸಿದ್ದೇನೆ. ಮೋಹನ ರಾಗದ ಸ ರಿ ಗ ಪ ದ, ಮೇಲಿನ ಸ. ನಡುವೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್, ಅದರ ಮೇಲೊಂದು ತೋಳು, ತೋಳಿನ ತುದಿಗೆ 12 ವೋಲ್ಟಿನ ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟಾಗ ಒಳಗಿನ ಕಡ್ಡಿಯನ್ನು ಮುಂದಕ್ಕೆ ದೂಡುವ ಸಾಧನ. ಮೋಟರಿಗೆ ಒಂದು ಸುತ್ತಿಗೆ 200 ಹೆಜ್ಜೆ. 15 ಹೆಜ್ಜೆ ತಿರುಗಿದರೆ ಪಕ್ಕದ ಬಟ್ಟಲು. ಹೊಡೆಯುವ ಹೊತ್ತು ನೋಡಿಕೊಳ್ಳುವುದು ಆರ್ಡುಯಿನೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್.

ಬೆಳಿಗ್ಗೆಯೆಲ್ಲಾ ಒಂದೇ ಗೋಳು. ಎರಡು ಏಟು ಸರಿ, ಮೂರನೇದಕ್ಕೆ ಬೋರ್ಡ್ ರೀಸೆಟ್. ಸೊಲೆನಾಯ್ಡ್ ಅಂದ್ರೆ ತಂತಿ ಸುರುಳಿ ಅಲ್ವಾ, ಕರೆಂಟ್ ಕಡಿದ ಕ್ಷಣ ಅದು ಸುಮ್ನೆ ಇರಲ್ಲ, ಉಲ್ಟಾ ವೋಲ್ಟೇಜ್ ಎಬ್ಬಿಸುತ್ತೆ. ಆಗ ಸುರುಳಿಯ ಕರೆಂಟಿಗೆ ಹರಿದುಹೋಗಲು ದಾರಿ ಕೊಡುವುದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಹಾಕಿದ್ದೆ, ಆದರೆ ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನಲ್ಲಿ ಅದರ ಕಾಲು ಸಡಿಲವಾಗಿತ್ತು. 1ಎನ್4007 ಡಯೋಡ್ ಒಂದನ್ನು ತೆಗೆದು, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ ಬರುವಂತೆ, ಸುರುಳಿಯ ತಂತಿಗೇ ಬೆಸುಗೆ ಹಾಕಿದೆ. ರೀಸೆಟ್ ನಿಂತಿತು.

ನಾದ ಮಾತ್ರ ಸತ್ತೇಹೋಯಿತು. ಟಕ್, ಟಕ್. ಮರದ ಹಲಗೆ ಬಡಿದ ಹಾಗೆ.

ಅಡುಗೆಮನೆಯಿಂದ ಅಮ್ಮ ಕೂಗಿದರು: "ಹೊಡೆದ ಕಡ್ಡಿ ಅಲ್ಲೇ ಕೂತ್ರೆ ಬಟ್ಟಲು ಹೇಗೋ ನುಡಿಯುತ್ತೆ?"

ನಿಜ. ಡಯೋಡ್ ಇದ್ದರೆ ಸುರುಳಿಯ ಕರೆಂಟ್ ನಿಧಾನವಾಗಿ ಇಳಿಯುತ್ತೆ, ಕಡ್ಡಿ ಬಿಡುವುದೂ ತಡ. ಜೊತೆಗೆ ಪ್ರತಿ ಏಟಿಗೆ ನಾನು ಕರೆಂಟ್ ಕೊಟ್ಟಿದ್ದದ್ದು 60 ಮಿಲಿಸೆಕೆಂಡು, ತುಂಬಾ ಜಾಸ್ತಿ. 40 ಮಾಡಿದೆ, 30 ಮಾಡಿದೆ. 18ಕ್ಕೆ ಸ್ವಲ್ಪ ಜೀವ ಬಂತು. ಆಮೇಲೆ ಸೊಲೆನಾಯ್ಡನ್ನೇ 2 ಮಿಲಿಮೀಟರ್ ಹಿಂದಕ್ಕೆ ಸರಿಸಿದೆ. ಈಗ ಕರೆಂಟ್ ಕಡ್ಡಿಯನ್ನು ಬಟ್ಟಲಿನ ಹತ್ತಿರಕ್ಕೆ ಮಾತ್ರ ದೂಡುತ್ತೆ. ಉಳಿದ ಎಳ್ಳಷ್ಟು ದೂರ ಅದು ತನ್ನ ಓಟದಲ್ಲೇ ಹೋಗಿ, ಅಂಚು ಮುಟ್ಟಿ, ಸ್ಪ್ರಿಂಗಿಗೆ ವಾಪಸ್ ಬರುತ್ತೆ.

ಟಿಣ್ಣ್ ಅಂತು. ನೀರಿನ ಮೇಲೆ ಸಣ್ಣ ಸಣ್ಣ ಅಲೆ ಎದ್ದು ನಡುಗಿತು. ಅದನ್ನೇ ನೋಡುತ್ತಾ ಎಷ್ಟು ಸಲ ಹೊಡೆಸಿದೆನೋ!

ಅಮ್ಮ ಕೈ ಒರೆಸಿಕೊಂಡು ಬಂದು ಕೂತರು. "ಗ ಇಳಿದಿದೆ" ಅಂದು ಅರ್ಧ ಚಮಚ ನೀರು ತೆಗೆದರು. ಸರಿಹೋಯಿತು. ಆರೋಹಣ ಒಂದು ಸಲ ಮುಗಿದ ಮೇಲೆ "ಇನ್ನೊಂದ್ಸಲ" ಅಂದರು. ಚಮಚ ಕೈಯಲ್ಲೇ ಇತ್ತು.

ಸ್ವರ ಸ್ವರದ ನಡುವೆ ಮೋಟರಿನ ಗುಂಯ್ ಇನ್ನೂ ಕೇಳಿಸುತ್ತಿದೆ. ನಾಳೆ ಅದರ ಅಡಿಗೆ ರಬ್ಬರ್ ಕೊಟ್ಟು ನೋಡಬೇಕು.