ಅಕ್ಕೋರು ಆಡಿಸಿದ ಬುಗುರಿ

ಗುರುವಂದನೆಗೆಂದು ತಂದ ಶಾಲು ಇನ್ನೂ ನಮ್ಮ ಮನೆಯ ಕಪಾಟಿನಲ್ಲಿದೆ. 1980ರ ಎಸ್ಸೆಸ್ಸೆಲ್ಸಿ ಬ್ಯಾಚಿನ ನಾವೆಲ್ಲ ವಾಟ್ಸಾಪ್ ಗ್ರೂಪ್ ಮಾಡಿಕೊಂಡು ಆರು ತಿಂಗಳು ಜಗಳಾಡಿದೆವು. ಊಟಕ್ಕೆ ಗೋಧಿ ಹುಗ್ಗಿಯೋ ಶೇಂಗಾ ಹೋಳಿಗೆಯೋ ಎಂಬುದು ತೀರ್ಮಾನವಾಗುವ ಹೊತ್ತಿಗೆ, ಕಾರ್ಯಕ್ರಮಕ್ಕೆ ಹನ್ನೊಂದು ದಿನ ಇರುವಾಗ ಲೆಕ್ಕದ ಅಕ್ಕೋರು ಹೋಗಿಬಿಟ್ಟರು. ಹೆಸರು ಬರೆಯುತ್ತಿಲ್ಲ. ನಮ್ಮ ಸಾಲೆಯಲ್ಲಿ ಅಕ್ಕೋರು ಅಂದರೆ ಅವರೊಬ್ಬರೇ, ಉಳಿದವರೆಲ್ಲ ಸರ್‌ಗಳು. ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಹೊಳೆದದ್ದು ಒಂದೇ ಸಂಗತಿ. ಅದು ನನಗೆ ಅಷ್ಟೇನೂ ಗೌರವ ತರುವಂಥದ್ದಲ್ಲ.

ಆಗ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯಾದದ್ದು 1997ರಲ್ಲಿ, ನಾವು ಊರು ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಒಂಬತ್ತನೇ ಕ್ಲಾಸಿನಲ್ಲಿ ಏನು ಕಲಿತೆವೆಂದು ಕೇಳಬೇಡಿ. ಪಾಠ ಹೇಳುತ್ತ ಹೇಳುತ್ತ ತಾವೇ ತೂಕಡಿಸುತ್ತಿದ್ದ ಹಿಂದಿ ಸರ್ ನೆನಪಿದ್ದಾರೆ, ತಡವಾಗಿ ಬಂದವರಿಂದ ಬೇವಿನ ಸಸಿಗೆ ನೀರು ಹೊರಿಸುತ್ತಿದ್ದ ಡ್ರಿಲ್ ಸರ್ ನೆನಪಿದ್ದಾರೆ. ಆ ಬೇವು ಈಗ ಎರಡು ತೆಕ್ಕೆಗೂ ಸಿಗದಷ್ಟಾಗಿವೆ. ಅದಕ್ಕಿಂತ ಹೆಚ್ಚು ನೆನಪಿರುವುದು ಬುಗುರಿ.

ನಮ್ಮ ಕ್ಲಾಸಿಗೆ ಕಿನ್ನಾಳದಿಂದ ಒಬ್ಬ ಬರುತ್ತಿದ್ದ. ಗೊಂಬೆ ಮಾಡುವ ಮನೆತನ. ಅವನಜ್ಜ ಮೊಮ್ಮಗನಿಗೆಂದು ಒಂದು ಬುಗುರಿ ಮಾಡಿಕೊಟ್ಟಿದ್ದ. ಕೆಂಪಿನ ಮೇಲೆ ಹಳದಿ ಪಟ್ಟಿ, ಕಿನ್ನಾಳದ ಗೊಂಬೆಗೆ ಇರುತ್ತದಲ್ಲ, ಅದೇ ಹೊಳಪು. ಅದು ತಿರುಗಿದರೆ ನಿಂತೇ ಬಿಟ್ಟಿದೆ ಅನ್ನಿಸಬೇಕು, ಅಷ್ಟು ನೆಟ್ಟಗೆ. ಗುನ್ನದ ಆಟದಲ್ಲಿ ನನ್ನ ಬುಗುರಿಯ ತಲೆ ಜರಡಿಯಾಗಿತ್ತು. ಅವನದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಒಂದು ಮಧ್ಯಾಹ್ನ ಅವನು ಬುತ್ತಿ ಉಣ್ಣಲು ಹೋದಾಗ ಅವನ ಚೀಲದಿಂದ ಬುಗುರಿ ತೆಗೆದೆ. ಹೊಟ್ಟೆಯ ಒಂದು ಮಗ್ಗಲಿಗೆ ಕೈವಾರದ ಮೊನೆಯಿಂದ ತೂತು ಕೊರೆದು, ಸೈಕಲ್ ಬೇರಿಂಗಿನ ಎರಡು ಗುಂಡು ತುರುಕಿ, ಮೇಣದಿಂದ ಮುಚ್ಚಿ ಮೇಲೆ ಕುಂಕುಮ ತಿಕ್ಕಿದೆ. ಬೇಗ ಮುಗಿಯಿತು. ಇಂಜಿನಿಯರ್ ಆಗುವ ಲಕ್ಷಣ ಆಗಲೇ ಇತ್ತು ಅನ್ನಿ.

ಲೆಕ್ಕದ ಪೀರಿಯಡ್ ಶುರುವಾಗುವ ಮುಂಚೆ ಅವನು ಬುಗುರಿ ಬೀಸಿದ. ಅದು ಕುಡಿದವರಂತೆ ವಾಲಾಡಿ, ಬೆಂಚಿನ ಕಾಲಿಗೆ ಬಡಿದು, ಆಗತಾನೆ ಒಳಗೆ ಬಂದ ಅಕ್ಕೋರ ಚಪ್ಪಲಿಯ ಹತ್ತಿರ ಹೋಗಿ ಬಿತ್ತು. ಹುಡುಗ ಅಳತೊಡಗಿದ. ಅಕ್ಕೋರು ಬುಗುರಿ ಎತ್ತಿಕೊಂಡು ತಿರುವಿ ನೋಡಿದರು. ಕುಂಕುಮ ಬೆರಳಿಗೆ ಹತ್ತಿತು. ಉಗುರಿನಿಂದ ಮೇಣ ಕೆರೆದರು. ಗುಂಡು ಕಂಡಿತು.

"ಯಾರಲೇ ಇದನ್ನ ಮಾಡಿದಾವ?"

ಕ್ಲಾಸಿಗೆ ಕ್ಲಾಸೇ ಉಸಿರು ಬಿಡಲಿಲ್ಲ. ನಾನಂತೂ ಗವಿಸಿದ್ಧಪ್ಪನಿಗೆ ಕಾಯಿ ಹರಕೆ ಹೊತ್ತೆ.

ಛಡಿ ತರಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಟಿ ಇಸಿದುಕೊಂಡು ಬಿಗಿಯಾಗಿ ಸುತ್ತಿ, ನಾವು ಬಾಯಿ ತೆರೆದು ನೋಡುತ್ತಿರುವಾಗಲೇ ಬೀಸಿದರು. ಏನು ಕೈ ಅದು! ಬುಗುರಿ ಓಲಾಡುತ್ತಲೇ ತಿರುಗಿತು. ಅಕ್ಕೋರು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ನಟ್ಟನಡುವ, ತೂಕದ ಬಿಂದುವಿನಾಗ ಹಿಡದು ತಿರುಗಿಸಿದ್ರ ಹೆಂಗ ತಿರುಗತೈತಿ ಅಂತ ಆಯ್ಲರ್ ಅನ್ನೂ ಗಣಿತಜ್ಞ ಲೆಕ್ಕ ಮಾಡ್ಯಾನ. ಕಾಲ ಮ್ಯಾಲೆ ತಿರುಗೂ ಸರಳ ಬುಗುರಿದು ಲಗ್ರಾಂಜ್ ಅನ್ನೂ ಇನ್ನೊಬ್ಬ ಗಣಿತಜ್ಞ ಮಾಡ್ಯಾನ. ಭಾರ ಹಿಂಗ ಒಂದ್ ಮಗ್ಗಲಕ್ಕ ಹೋತಂದ್ರ? ನೂರು ವರ್ಷ ಯಾರ ಕೈಗೂ ಸಿಗಲಿಲ್ಲ. ಸಿಕ್ಕಿದ್ದು ಒಬ್ಬಾಕಿ ಹೆಣ್ಮಗಳಿಗೆ."

ಆ ಪೀರಿಯಡ್ ಪೂರ್ತಿ ಸೋಫಿಯಾ ಕೊವಲೆವ್‌ಸ್ಕಾಯಾಳ ಕತೆ. ಹೆಸರು ನಮ್ಮ ಬಾಯಲ್ಲಿ ನಿಲ್ಲದೆ ಸಂಜೆಯೊಳಗೆ 'ಕವಲಿ ಸಾಕವ್ವ' ಆಯಿತು. 1850ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವಳು, ಅಪ್ಪ ಫಿರಂಗಿ ದಳದ ಜನರಲ್. ಹಳ್ಳಿಯ ಬಂಗಲೆಯಲ್ಲಿ ಗೋಡೆಗೆ ಅಂಟಿಸುವ ಕಾಗದ ಸಾಲದೆ ಬಂದು, ಮಕ್ಕಳ ಕೋಣೆಗೆ ಅಟ್ಟದ ಮೇಲಿದ್ದ ಹಳೆಯ ಹಾಳೆ ಅಂಟಿಸಿದರು. ಅವು ಓಸ್ತ್ರೋಗ್ರಾದ್‌ಸ್ಕಿ ಎಂಬ ಗಣಿತಜ್ಞನ ಕ್ಯಾಲ್ಕುಲಸ್ ಪಾಠಗಳು. ಹುಡುಗಿ ಗಂಟೆಗಟ್ಟಲೆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ನಮ್ಮ ಮನೆಯ ಗೋಡೆಗೂ ಪೇಪರ್ ಅಂಟಿಸಿತ್ತು. ನಾನು ಓದುತ್ತಿದ್ದದ್ದು ಸಿನಿಮಾ ಜಾಹೀರಾತು.

ರಷ್ಯಾದ ವಿಶ್ವವಿದ್ಯಾಲಯಗಳ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಹೊರದೇಶಕ್ಕೆ ಹೋಗಲು ಅಪ್ಪನೋ ಗಂಡನೋ ಒಪ್ಪಬೇಕು. ಅದಕ್ಕೆಂದೇ 1868ರಲ್ಲಿ ಹೆಸರಿಗೊಂದು ಮದುವೆ ಮಾಡಿಕೊಂಡು ಜರ್ಮನಿಗೆ ಹೋದಳು. ಬರ್ಲಿನ್‌ನಲ್ಲೂ ಒಳಗೆ ಬಿಡಲಿಲ್ಲ. ವೈಯರ್‌ಸ್ಟ್ರಾಸ್ ಎಂಬ ಹಿರಿಯ ಪ್ರೊಫೆಸರ್, ಬಂದವಳನ್ನು ಪರೀಕ್ಷಿಸಲು ಕಠಿಣ ಲೆಕ್ಕಗಳನ್ನು ಕೊಟ್ಟ. ಬಿಡಿಸಿ ತಂದಳು. ನಾಲ್ಕು ವರ್ಷ ಖಾಸಗಿಯಾಗಿ ಪಾಠ ಹೇಳಿದ. 1874ರಲ್ಲಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಊರಿಗೆ ಮರಳಿದರೆ ಆಕೆಗೆ ಸಿಗಬಹುದಾಗಿದ್ದ ಕೆಲಸ, ಸಣ್ಣ ಹುಡುಗಿಯರಿಗೆ ಅಂಕಗಣಿತ ಹೇಳುವುದು. ನನಗೆ ಮಗ್ಗಿ ಅಷ್ಟು ಬರೂದಿಲ್ಲ ಅಂದಳಂತೆ ಪುಣ್ಯಾತ್ಗಿತ್ತಿ. ಹದಿನೇಳರ ಮಗ್ಗಿಗೆ ಬಾಸುಂಡೆ ತಿಂದಿದ್ದ ನಮಗೆ ಅಂದಿನಿಂದ ಆಕೆ ಮನೆದೇವರು.

ಬುಗುರಿಯ ಲೆಕ್ಕಕ್ಕೆ ಪ್ಯಾರಿಸ್ಸಿನ ಅಕಾಡೆಮಿ 1888ರಲ್ಲಿ ಬೋರ್ದಾಂ ಬಹುಮಾನ ಕೊಟ್ಟಿತು. ಪ್ರಬಂಧದ ಮೇಲೆ ಹೆಸರಿರುವಂತಿಲ್ಲ, ಒಂದು ಧ್ಯೇಯವಾಕ್ಯ ಮಾತ್ರ. "ನಿಮ್ಮ ಎಸ್ಸೆಸ್ಸೆಲ್ಸಿ ಪೇಪರಿನ್ಯಾಗ ನಂಬರ್ ಇದ್ದಂಗ" ಅಂದರು ಅಕ್ಕೋರು. ಆಕೆ ಬರೆದದ್ದು: ಗೊತ್ತಿದ್ದದ್ದನ್ನು ಹೇಳು, ಮಾಡಬೇಕಾದ್ದನ್ನು ಮಾಡು, ಆಗುವುದಾಗಲಿ. ಕೆಲಸ ಎಷ್ಟು ಮೆಚ್ಚುಗೆಯಾಯಿತೆಂದರೆ 3000 ಫ್ರಾಂಕಿನ ಬಹುಮಾನವನ್ನು 5000ಕ್ಕೆ ಏರಿಸಿದರು. ಅಷ್ಟೊತ್ತಿಗಾಗಲೇ ಆಕೆ ಸ್ಟಾಕ್‌ಹೋಮ್‌ನಲ್ಲಿ ಪ್ರೊಫೆಸರ್. ಗಂಡ ತೀರಿಹೋಗಿದ್ದ, ಸಣ್ಣ ಮಗಳು. 1891ರಲ್ಲಿ ನ್ಯುಮೋನಿಯಾ ಆಗಿ ಸತ್ತಾಗ ಬರೀ 41 ವರ್ಷ.

ಇಷ್ಟು ಹೇಳಿ ಅಕ್ಕೋರು ಕಿಟಕಿಯ ಕಡೆ ನೋಡಿ ಅಂದದ್ದು ನೆನಪಿದೆ: "ನಾನೂ ಧಾರವಾಡದಾಗ ಎಮ್ಮೆಸ್ಸಿ ಮಾಡಬೇಕಂತಿದ್ದೆ. ನಮ್ಮಪ್ಪ, ಬಿಎಸ್ಸಿ ಆತಲ್ಲ, ಸಾಕು ಬಸ್ ಇಳಿ ಅಂದ್ರು." ನಾವು ನಕ್ಕೆವು. ತಮಾಷೆ ಅಂದುಕೊಂಡಿದ್ದೆವು. ಅವರೂ ನಕ್ಕು, ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದರು. ಅದರಲ್ಲಿ ಏನೂ ಬರೆದಿರಲಿಲ್ಲ.

ನನ್ನ ಬಗ್ಗೆ ಹೆಚ್ಚು ಬರೆಯಬಾರದು, ಆದರೂ ಬರೆಯುತ್ತೇನೆ. ಬಿ.ಇ. ಮುಗಿಸಿ ಶಕ್ತಿನಗರದ ವಿದ್ಯುತ್ ಸ್ಥಾವರ ಸೇರಿದೆ. ಸರ್ವಿಸಿನ ಬಹುಪಾಲು ನಾನು ಮಾಡಿದ್ದು ಟರ್ಬೈನ್ ರೋಟರಿನ ಬ್ಯಾಲೆನ್ಸಿಂಗ್. ನಿಮಿಷಕ್ಕೆ 3000 ಸುತ್ತು ಸುತ್ತುವ, ಟನ್‌ಗಟ್ಟಲೆ ತೂಗುವ ರೋಟರಿನಲ್ಲಿ ಭಾರ ಕೂದಲೆಳೆಯಷ್ಟು ಮಗ್ಗಲಿಗೆ ಸರಿದರೂ ಬೇರಿಂಗ್ ನಡುಗುತ್ತದೆ. ಎಷ್ಟು ಗ್ರಾಂ, ಯಾವ ಕೋನದಲ್ಲಿ ಕೂಡಿಸಬೇಕೆಂದು ಲೆಕ್ಕ ಹಾಕಿ ತೂಕ ಹಾಕಬೇಕು. ಕಿರಿಯರು ನನ್ನನ್ನು ಕರೆಸಿಕೊಳ್ಳುತ್ತಿದ್ದರು, ಕೈ ಇಟ್ಟರೇ ಹೇಳುತ್ತಾರೆ ಎಂದು. ಪ್ರತಿ ಸಲವೂ ಕುಂಕುಮ ಹತ್ತಿದ ಬೆರಳು ನೆನಪಾಗುತ್ತಿತ್ತು. ಸಾಕವ್ವನ ಬುಗುರಿಗೂ ಕರಾರುವಾಕ್ಕು ಅಳತೆಯಿದೆ: ಮೂರು ಅಕ್ಷಗಳ ಜಡತ್ವ, ಅಂದರೆ ಆಯಾ ಅಕ್ಷದ ಸುತ್ತ ತಿರುಗಿಸಲು ಎಷ್ಟು ಕಷ್ಟ ಎಂಬುದರ ಅಳತೆ, 2:2:1 ಇರಬೇಕು, ಭಾರಕೇಂದ್ರ ಆ ಎರಡು ಸಮ ಅಕ್ಷಗಳ ಸಮತಲದಲ್ಲೇ ಬೀಳಬೇಕು. ನನ್ನಂತೆ ಕಂಡಲ್ಲಿ ಗುಂಡು ತುರುಕಿದರೆ ಅಲ್ಲ.

ಇದನ್ನೆಲ್ಲ ಒಂಬತ್ತನೇ ಕ್ಲಾಸಿನ ನನ್ನ ತಮ್ಮನ ಮೊಮ್ಮಗನಿಗೆ ಉತ್ಸಾಹದಿಂದ ಹೇಳಿದೆ. ಅವನ ಸಾಲೆಯಲ್ಲಿ ಸ್ಮಾರ್ಟ್ ಬೋರ್ಡಿದೆ, ಎಸಿ ಇದೆ, ಭಾನುವಾರವೂ ಟೆಸ್ಟಿದೆ. ಪೂರ್ತಿ ಕೇಳಿ, "ತಾತಾ, ಇದು ಎಷ್ಟು ಮಾರ್ಕ್ಸಿಗೆ ಬರ್ತೈತಿ?" ಅಂದ. ಅವನ ತಪ್ಪಲ್ಲ. ಪೀರಿಯಡ್ ಪೂರ್ತಿ ಬುಗುರಿ ಆಡಿಸಿದರೆ ಇವತ್ತು ಆ ಅಕ್ಕೋರಿಗೆ ಮೆಮೊ ಬರುತ್ತದೆ.

ಗುರುವಂದನೆ ನಿಲ್ಲಲಿಲ್ಲ, ಫೋಟೊಕ್ಕೆ ಹಾರ ಹಾಕಿ ನಡೆಸಿದೆವು. ಊಟದ ಪಂಕ್ತಿಯಲ್ಲಿ ಕಿನ್ನಾಳದ ಗೆಳೆಯ ಪಕ್ಕದಲ್ಲೇ ಕುಳಿತಿದ್ದ. ನಲವತ್ತಾರು ವರ್ಷ ನುಂಗಿಕೊಂಡಿದ್ದನ್ನು ಅವನಿಗೆ ಹೇಳಿಯೇ ಬಿಡೋಣವೆಂದು, "ಆ ಬುಗುರಿಗೆ ಗುಂಡು ಹಾಕಿದಾವ ನಾನಲೇ" ಅಂದೆ. ಅಕ್ಕೋರಿಗೆ ಹೇಳಬೇಕಾಗಿತ್ತು, ಹೇಳಲಾಗಲಿಲ್ಲ ಅಂದೆ.

ಅವನು ನನ್ನ ಮುಖ ಕೂಡ ನೋಡಲಿಲ್ಲ. "ಅಕ್ಕೋರು ಅವತ್ತ ಸಂಜೀಕ ನನ್ನ ಕರದು ಕೇಳಿದ್ರು, ಈ ಕ್ಲಾಸಿನ್ಯಾಗ ಯಾರ ಅಪ್ಪಂದಲೇ ಸೈಕಲ್ ಅಂಗಡಿ ಅಂತ" ಅಂದ. ಹುಗ್ಗಿಗೆ ತುಪ್ಪ ಬಡಿಸುವವನು ಬಂದ. ಅವನು ಎಲೆಯನ್ನು ಮುಂದಕ್ಕೆ ಸರಿಸಿದ.